ಮನೆಯ ಜಗಳ, ದೂರದೂರಿನ ಆಟಗಾರರು



ಇವತ್ತು ಒಂದು ಫುಟ್‌ಬಾಲ್ ಪಂದ್ಯದ ಕಥೆ ಹೇಳುತ್ತೇನೆ. ಪಂದ್ಯ ನಡೆದದ್ದು 2012ರ ಮೇ 19ರಂದು, ಶನಿವಾರ ಮಧ್ಯಾಹ್ನ. ಸ್ಥಳ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹ್ಯಾಂಪ್‌ಡೆನ್ ಮೈದಾನ. ಅದು ಸ್ಕಾಟಿಷ್ ಕಪ್‌ನ ಫೈನಲ್. ಆದರೆ ಆಡಿದ ಎರಡು ತಂಡಗಳಲ್ಲಿ ಒಂದೂ ಗ್ಲಾಸ್ಗೋದ್ದಲ್ಲ. ಎರಡೂ ಎಡಿನ್‌ಬರೋದವು. ಒಂದು ಹಾರ್ಟ್ ಆಫ್ ಮಿಡ್ಲೋದಿಯನ್. ಜನ ಅದನ್ನು ಹಾರ್ಟ್ಸ್ ಅನ್ನುತ್ತಾರೆ. ಇನ್ನೊಂದು ಹೈಬರ್ನಿಯನ್. ಅದು ಎಲ್ಲರ ಬಾಯಲ್ಲಿ ಹಿಬ್ಸ್.

ಎರಡೂ ಒಂದೇ ಊರಿನ ತಂಡಗಳು. ಎರಡರ ಮೈದಾನಗಳ ನಡುವೆ ನಡೆದರೆ ಒಂದು ಗಂಟೆಯ ದಾರಿ. ಒಂದೇ ಕಚೇರಿಯಲ್ಲಿ, ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಎರಡೂ ಕಡೆಯವರು ಇರುತ್ತಾರೆ. ಅಂಥ ಎರಡು ತಂಡಗಳು ದೇಶದ ಅತಿ ಹಳೆಯ ಕಪ್‌ಗಾಗಿ ಎದುರಾದವು. ಹಾಗೆ ಆದದ್ದು 116 ವರ್ಷಗಳ ನಂತರ.

ಆ ದಿನ ಗೆದ್ದವರು ಹಾರ್ಟ್ಸ್, ಐದು ಗೋಲಿಗೆ ಒಂದು. ಆದರೆ ನಾನು ಗಮನವಿಟ್ಟು ಹೇಳಬೇಕೆಂದಿರುವುದು ಬೇರೆ ಸಂಗತಿ. ಈ ಜಗಳ ಊರಿನ ಒಳಗಿನದು. ಅದನ್ನು ಮೈದಾನದಲ್ಲಿ ಆಡಿ ತೀರಿಸಿದವರಲ್ಲಿ ಬಹಳ ಮಂದಿ ಎಲ್ಲೆಲ್ಲಿಂದಲೋ ಬಂದವರು. ಒಂದು ಊರು ತನ್ನ ಅತಿ ಹಳೆಯ ನೆನಪನ್ನು ಪರದೇಶದ ಹುಡುಗರ ಕಾಲಿಗೆ ಒಪ್ಪಿಸುತ್ತದೆ. ಆ ಹುಡುಗರಲ್ಲಿ ಕೆಲವರು ದೇವರಂತೆ ಉಳಿಯುತ್ತಾರೆ. ಕೆಲವರು ನೋವಾಗಿ ಉಳಿಯುತ್ತಾರೆ. ಇದು ಹೇಗಾಗುತ್ತದೆ ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಈ ಜಗಳ ಹುಟ್ಟಿದ್ದು ಹೇಗೆ, ಕೇಳಿ.

ಹಾರ್ಟ್ಸ್ ಹುಟ್ಟಿದ್ದು 1874ರಲ್ಲಿ. ಊರಿನ ಪಡುವಣ ಬದಿಯ ಗೋರ್ಗಿ ಅದರ ನೆಲೆ. ಮೈದಾನದ ಹೆಸರು ಟೈನ್‌ಕಾಸಲ್. ಸುತ್ತ ಮದ್ಯದ ಭಟ್ಟಿಗಳಿದ್ದ ದುಡಿಯುವವರ ಕೇರಿ ಅದು. ಗಾಳಿ ಬೀಸಿದ ದಿನ ಬೇಯುವ ಧಾನ್ಯದ ವಾಸನೆ ಮೈದಾನದ ತನಕ ಬರುತ್ತದೆ. ಹಾರ್ಟ್ಸ್ ತಂಡದ ಅಂಗಿ ಕಡುಗೆಂಪು.

ಹಿಬ್ಸ್ ಹುಟ್ಟಿದ್ದು ಅದರ ಮರುವರ್ಷ, 1875ರಲ್ಲಿ. ಹುಟ್ಟಿಸಿದವರು ಐರ್ಲೆಂಡಿನಿಂದ ಬಂದ ಬಡ ವಲಸಿಗರು. ಹಳೆ ಊರಿನ ಕೌಗೇಟ್ ಎಂಬ ಇಕ್ಕಟ್ಟಿನ ಬೀದಿಯಲ್ಲಿ ಅವರ ವಾಸ. ಕ್ಯಾಥೊಲಿಕ್ ಪಾದ್ರಿ ಎಡ್ವರ್ಡ್ ಹ್ಯಾನನ್ ಅವರಿಗೆ ಹಿರಿಯರಾಗಿ ನಿಂತರು. ಮೊದಮೊದಲು ಫುಟ್‌ಬಾಲ್ ಸಂಘ ಈ ತಂಡವನ್ನು ಸೇರಿಸಿಕೊಳ್ಳಲಿಲ್ಲ. ಇದು ಸ್ಕಾಟರ ಸಂಘ, ಐರಿಷರದಲ್ಲ ಎಂಬುದು ಆಗಿನ ನಿಲುವು. ಮುಂದೆ ತಂಡ ಊರಿನ ಬಂದರು ಬದಿಗೆ, ಲೀತ್ ಕಡೆಗೆ ನೆಲೆಯೂರಿತು. ಅಲ್ಲಿನ ಮೈದಾನ ಈಸ್ಟರ್ ರೋಡ್. ಹಿಬ್ಸ್ ಅಂಗಿ ಹಸಿರು, ತೋಳು ಬಿಳಿ.

ಇವರಿಬ್ಬರ ಮೊದಲ ಪಂದ್ಯ 1875ರ ಕ್ರಿಸ್‌ಮಸ್ ದಿನ ನಡೆಯಿತು. ಮೆಡೋಸ್ ಎಂಬ ಬಯಲಿನಲ್ಲಿ. ಬೇರೆಯವರು ದೂರವಿಟ್ಟಿದ್ದ ಹಿಬ್ಸ್ ಜೊತೆ ಆಡಲು ಹಾರ್ಟ್ಸ್ ಮುಂದೆ ಬಂದಿತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ. ಜಗಳ ಶುರುವಾದದ್ದೇ ಒಬ್ಬರು ಇನ್ನೊಬ್ಬರನ್ನು ಆಟಕ್ಕೆ ಕರೆದದ್ದರಿಂದ. ಅಂದು ಹೊರಗಿನವರೆಂದು ಹೆಸರಾದ ಹಿಬ್ಸ್ ಇಂದು ಊರಿನ ಅರ್ಧ.

1896ರಲ್ಲಿ ಇವೆರಡೂ ಮೊದಲ ಸಲ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೇರಿದವು. ಆ ಫೈನಲ್ ಎಡಿನ್‌ಬರೋದಲ್ಲೇ, ಲೋಗಿ ಗ್ರೀನ್ ಎಂಬಲ್ಲಿ ಆಯಿತು. ಸ್ಕಾಟಿಷ್ ಕಪ್ ಫೈನಲ್ ಗ್ಲಾಸ್ಗೋದ ಹೊರಗೆ ಆಡಿದ್ದು ಅದೊಂದೇ ಸಲ. ಹಾರ್ಟ್ಸ್ ಮೂರು, ಹಿಬ್ಸ್ ಒಂದು. ಹಿಬ್ಸ್ 1902ರಲ್ಲಿ ಕಪ್ ಗೆದ್ದಿತು. ಆಮೇಲೆ ಗೆಲ್ಲಲಿಲ್ಲ. ಹತ್ತು ವರ್ಷ, ಐವತ್ತು ವರ್ಷ, ನೂರು ವರ್ಷ ಕಳೆಯಿತು. ಫೈನಲ್‌ಗೆ ಮತ್ತೆ ಮತ್ತೆ ಬಂದರು, ಮತ್ತೆ ಮತ್ತೆ ಸೋತರು. 1972ರಲ್ಲಿ ಗ್ಲಾಸ್ಗೋದ ಸೆಲ್ಟಿಕ್ ತಂಡದ ಎದುರು ಆರು ಗೋಲು ತಿಂದರು.

ಜಗಳ ಅಂದೆ. ಅದರೊಳಗೆ ಇರುವ ಇನ್ನೊಂದು ಎಳೆಯನ್ನೂ ಹೇಳದಿದ್ದರೆ ಅನ್ಯಾಯ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಹಾರ್ಟ್ಸ್ ಆಟಗಾರರು ಒಟ್ಟಾಗಿ ಸೈನ್ಯಕ್ಕೆ ಹೆಸರು ಬರೆಸಿದರು. ಸರ್ ಜಾರ್ಜ್ ಮೆಕ್ರೇ ಕಟ್ಟಿದ ಪಡೆ ಅದು. ಆಗ ಹಾರ್ಟ್ಸ್ ಲೀಗ್‌ನ ಮುಂಚೂಣಿಯಲ್ಲಿತ್ತು. ಅವರ ಹಿಂದೆ ಅಭಿಮಾನಿಗಳು ಹೋದರು. ಹಿಬ್ಸ್ ಅಭಿಮಾನಿಗಳೂ ಅದೇ ಪಡೆಗೆ ಸೇರಿದರು. ಹಾರ್ಟ್ಸ್‌ನ ಮೊದಲ ತಂಡದ ಏಳು ಆಟಗಾರರು ಆ ಯುದ್ಧದಲ್ಲಿ ತೀರಿಹೋದರು. ಹೇಮಾರ್ಕೆಟ್ ವೃತ್ತದಲ್ಲಿ ಇವತ್ತಿಗೂ ಅವರ ಸ್ಮಾರಕ ಇದೆ.

1990ರಲ್ಲಿ ಹಾರ್ಟ್ಸ್ ಒಡೆಯ ವ್ಯಾಲೆಸ್ ಮರ್ಸರ್ ಹಿಬ್ಸ್ ಕ್ಲಬ್ಬನ್ನೇ ಕೊಂಡು ಎರಡನ್ನೂ ಒಂದು ಮಾಡಲು ಹೊರಟರು. ಹಿಬ್ಸ್ ಜನ ಬೀದಿಗಿಳಿದರು. ಅವರ ಪ್ರತಿಭಟನಾ ಸಭೆಗೆ ಹಾರ್ಟ್ಸ್‌ನ ಗೋಲುವೀರ ಜಾನ್ ರಾಬರ್ಟ್‌ಸನ್ ಬಂದರು. ಎದುರಾಳಿ ಇಲ್ಲದೆ ನಮಗೇನು ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಕ್ಲಬ್ ಉಳಿಯಿತು. ಮರುವರ್ಷವೇ ಹಿಬ್ಸ್ ಲೀಗ್ ಕಪ್ ಗೆದ್ದಿತು.

ಇಷ್ಟು ಹಿನ್ನೆಲೆ. 1875ರಲ್ಲಿ ಶುರುವಾದ ಮನೆಜಗಳ. 1896ರಲ್ಲಿ ಒಂದು ಫೈನಲ್. 1902ರಿಂದ ಹಿಬ್ಸ್ ಕಾಯುತ್ತಿರುವ ಕಪ್. ಇದನ್ನು ಮನಸ್ಸಿನಲ್ಲಿಟ್ಟುಕೊಂಡು 2012ಕ್ಕೆ ಬನ್ನಿ. ಮೈದಾನಕ್ಕೆ ಇಳಿದವರು ಯಾರು ನೋಡೋಣ.

ಹಾರ್ಟ್ಸ್ ನಾಯಕ ಮಾರ್ಯುಸ್ ಜಾಲ್ಯೂಕಸ್ ಲಿಥುವೇನಿಯಾದವರು. ಮ್ಯಾನೇಜರ್ ಪೌಲೊ ಸೆರ್ಜಿಯೊ ಪೋರ್ಚುಗಲ್‌ನವರು. ಬಲಗಡೆ ಓಡುವ ಸುಸೊ ಸಾಂತಾನಾ ಸ್ಪೇನ್‌ನವರು. ಹಿಂಬದಿಯ ರಯನ್ ಮೆಗವನ್ ಆಸ್ಟ್ರೇಲಿಯಾದವರು. ಗೋಲು ಹೊಡೆಯುವ ರೂಡಿ ಸ್ಕಾಟ್ಸೆಲ್ ಚೆಕ್ ದೇಶದವರು. ಕ್ಲಬ್ಬಿನ ಒಡೆಯ ವ್ಲಾದಿಮಿರ್ ರೊಮಾನೋವ್ ಕೂಡ ಲಿಥುವೇನಿಯಾದ ವ್ಯಾಪಾರಿ. ಆ ವರ್ಷ ಕ್ಲಬ್ಬಿನಲ್ಲಿ ಹಣದ ತಾಪತ್ರಯ. ಆಟಗಾರರ ಸಂಬಳ ತಡವಾಗಿ ಬರುತ್ತಿತ್ತು. ಪಗಾರ ಕೈಸೇರದಿದ್ದರೂ ಅವರು ಆಡಿದರು.

ಹಿಬ್ಸ್ ಕಡೆ ಮ್ಯಾನೇಜರ್ ಪ್ಯಾಟ್ ಫೆನ್ಲನ್ ಡಬ್ಲಿನ್‌ನವರು. ಹಿಂಬದಿಯಲ್ಲಿ ಐರ್ಲೆಂಡಿನ ಹುಡುಗ ಮ್ಯಾಟ್ ಡೊಹರ್ಟಿ. ನಡುವೆ ಹೊಂಡುರಾಸ್‌ನ ಹೊರ್ಹೆ ಕ್ಲಾರೋಸ್. ಎಡಗಡೆ ಪಾ ಕುಜಾಬಿ. ಅವರು ಹುಟ್ಟಿದ್ದು ಆಫ್ರಿಕಾದ ಗ್ಯಾಂಬಿಯಾದಲ್ಲಿ. ಹಿಬ್ಸ್‌ಗೆ ಬಂದದ್ದು ಜರ್ಮನಿಯಿಂದ. ಸೇರಿ ಕೆಲವೇ ತಿಂಗಳಾಗಿತ್ತು. ಪರದೇಶದವರ ನಡುವೆ ಎಡಿನ್‌ಬರೋದಲ್ಲೇ ಹುಟ್ಟಿದ ಡಿಫೆಂಡರ್ ಒಬ್ಬರಿದ್ದರು. ಹೆಸರು ಪಾಲ್ ಹ್ಯಾನ್ಲನ್. ಎಳವೆಯಿಂದಲೇ ಕ್ಲಬ್ಬಿನಲ್ಲಿ ಬೆಳೆದ ಇನ್ನೊಬ್ಬರು ಲೂಯಿಸ್ ಸ್ಟೀವನ್‌ಸನ್. ಈ ಎರಡು ಹೆಸರು ನೆನಪಿಡಿ. ಇವರ ಕಡೆಗೆ ಮತ್ತೆ ಬರುತ್ತೇನೆ.

ಸ್ಕಾಟಿಷ್ ಫುಟ್‌ಬಾಲಿಗೆ ದೂರದಿಂದ ಬರುವವರು ಹೊಸಬರೇನಲ್ಲ. ನಮ್ಮ ದೇಶದಿಂದಲೂ ಒಬ್ಬರು ಹೋಗಿದ್ದರು. ಕೊಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ. 1936ರಲ್ಲಿ ಅವರು ಗ್ಲಾಸ್ಗೋದ ಸೆಲ್ಟಿಕ್ ಪರವಾಗಿ ಆಡಿದರು. ಬೂಟು ಹಾಕದೆ ಆಡಿದರು. ಒಂದು ಹಳೆಯ ಫೋಟೊ ಇದೆ. ಸಲೀಂ ಕುಳಿತಿದ್ದಾರೆ. ಸೆಲ್ಟಿಕ್‌ನ ಹಿರಿಯರೊಬ್ಬರು ಬಗ್ಗಿ ಅವರ ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದಾರೆ. ಆ ಹಿರಿಯರು ಜಿಮ್ಮಿ ಮೆಕ್‌ಮೆನಮಿ, ಅವರ ಕಾಲದ ದೊಡ್ಡ ಆಟಗಾರ. ಸಲೀಂ ಅಲ್ಲಿ ನಿಲ್ಲಲಿಲ್ಲ. ಮನೆಯ ಹಂಬಲ ತಾಳದೆ ಊರಿಗೆ ಮರಳಿದರು. ಕೆಲವೇ ಪಂದ್ಯ ಆಡಿ ಹೋದವರು. ಆದರೂ ಸೆಲ್ಟಿಕ್ ಚರಿತ್ರೆ ಬರೆಯುವವರು ಅವರನ್ನು ಬಿಡುವುದಿಲ್ಲ.

ಸರಿ, ತಂಡಗಳ ಪರಿಚಯವಾಯಿತು. ಈಗ ಪಂದ್ಯ.

ಆ ಬೆಳಿಗ್ಗೆ ಎಡಿನ್‌ಬರೋದಿಂದ ಗ್ಲಾಸ್ಗೋ ಕಡೆ ರೈಲು, ಬಸ್ಸು, ಕಾರು ತುಂಬಿ ಹರಿದವು. ಸುಮಾರು 51,000 ಜನ ಹ್ಯಾಂಪ್‌ಡೆನ್ ಸೇರಿದರು. ಮೈದಾನದ ಒಂದು ಬದಿ ಪೂರಾ ಕಡುಗೆಂಪು. ಇನ್ನೊಂದು ಬದಿ ಪೂರಾ ಹಸಿರು. ಸೆಮಿಫೈನಲ್‌ನಲ್ಲಿ ಹಾರ್ಟ್ಸ್ ಆ ವರ್ಷದ ಲೀಗ್ ಚಾಂಪಿಯನ್ ಸೆಲ್ಟಿಕ್ ತಂಡವನ್ನು ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಕೆಡವಿತ್ತು. ಹಿಬ್ಸ್ ಅಬರ್ಡೀನ್ ತಂಡವನ್ನು ಸೋಲಿಸಿತ್ತು. ಲೀಗ್‌ನಲ್ಲಿ ಹಿಬ್ಸ್ ಸ್ಥಿತಿ ಚೆನ್ನಾಗಿರಲಿಲ್ಲ. ಕೆಳಗಿನ ದರ್ಜೆಗೆ ಬೀಳುವುದರಿಂದ ಹೇಗೋ ಪಾರಾಗಿತ್ತು. ಆ ಋತುವಿನಲ್ಲಿ ಹಾರ್ಟ್ಸ್ ವಿರುದ್ಧ ಒಂದು ಸಲವೂ ಗೆದ್ದಿರಲಿಲ್ಲ. ಆದರೂ ಆಸೆ ಇತ್ತು. ನೂರಾಹತ್ತು ವರ್ಷ ಕಾದವರಿಗೆ ಆಸೆ ಬಿಡುವುದು ಸುಲಭವಲ್ಲ.

ಹದಿನೈದನೇ ನಿಮಿಷದಲ್ಲಿ ಹಾರ್ಟ್ಸ್‌ನ ಡ್ಯಾರನ್ ಬಾರ್ ಗೋಲು ಹೊಡೆದರು. ಇಪ್ಪತ್ತೇಳನೇ ನಿಮಿಷದಲ್ಲಿ ಸ್ಕಾಟ್ಸೆಲ್ ಎರಡನೆಯದು. ವಿರಾಮಕ್ಕೆ ಮುನ್ನ ಹಿಬ್ಸ್ ನಾಯಕ ಜೇಮ್ಸ್ ಮೆಕ್‌ಪೇಕ್ ಒಂದು ಗೋಲು ತಿರುಗಿಸಿದರು. ಎರಡು, ಒಂದು. ಹಸಿರು ಬದಿಗೆ ಜೀವ ಬಂತು. ವಿರಾಮದ ಹದಿನೈದು ನಿಮಿಷ ಲೀತ್‌ನ ಪ್ರತಿ ಮನೆಯಲ್ಲೂ ಪಂದ್ಯ ಇನ್ನೂ ಬದುಕಿತ್ತು.

ವಿರಾಮ ಮುಗಿದು ಎರಡೇ ನಿಮಿಷ. ಸಾಂತಾನಾ ಬಲಗಡೆಯಿಂದ ಚೆಂಡು ಹಿಡಿದು ಓಡಿದರು. ಹಿಂದೆ ಓಡಿದವರು ಕುಜಾಬಿ. ಹಿಡಿಯಲಾಗಲಿಲ್ಲ. ಕೈ ಹಾಕಿ ಎಳೆದರು. ಸಾಂತಾನಾ ಬಿದ್ದರು. ರೆಫರಿ ಕ್ರೇಗ್ ಥಾಮ್ಸನ್ ಪೆನಾಲ್ಟಿ ಕೊಟ್ಟರು. ಕುಜಾಬಿಗೆ ಎರಡನೇ ಹಳದಿ ಕಾರ್ಡು, ಅಂದರೆ ಕೆಂಪು. ಅವರು ಹೊರನಡೆದರು. ಎಳೆದದ್ದು ಪೆನಾಲ್ಟಿ ಆವರಣದ ಹೊರಗೇ ಎಂದು ಹಿಬ್ಸ್ ಜನ ಇವತ್ತಿಗೂ ವಾದಿಸುತ್ತಾರೆ. ಅವರ ವಾದದಲ್ಲಿ ಹುರುಳಿದೆ ಎಂದೇ ನನಗೆ ಅನ್ನಿಸುತ್ತದೆ. ಆದರೆ ತೀರ್ಪು ತೀರ್ಪೇ. ಡ್ಯಾನಿ ಗ್ರೇಂಜರ್ ಪೆನಾಲ್ಟಿ ಹೊಡೆದರು. ಎರಡು ನಿಮಿಷ ಕಳೆಯುವುದರೊಳಗೆ ಮೆಗವನ್ ನಾಲ್ಕನೆಯದನ್ನು ಸೇರಿಸಿದರು. ಐವತ್ತನೇ ನಿಮಿಷಕ್ಕೆ ಪಂದ್ಯ ಮುಗಿದಿತ್ತು. ಉಳಿದ ನಲವತ್ತು ನಿಮಿಷ ಹತ್ತು ಮಂದಿಯೊಂದಿಗೆ ಹಿಬ್ಸ್ ಸುಮ್ಮನೆ ತಾಳಿಕೊಳ್ಳಬೇಕಾಗಿತ್ತು. ಎಪ್ಪತ್ತೈದರಲ್ಲಿ ಸ್ಕಾಟ್ಸೆಲ್ ಐದನೆಯದು ಹೊಡೆದರು. ಆ ಹೊತ್ತಿಗೆ ಹಸಿರು ಬದಿಯ ಆಸನಗಳು ಖಾಲಿಯಾಗುತ್ತಿದ್ದವು.

ಕುಜಾಬಿಯ ಬಗ್ಗೆ ನನಗೆ ಬಹಳ ಮರುಕವಿದೆ. ಅವರು ಈ ಊರಿಗೆ ಬಂದದ್ದು ಆ ಜನವರಿಯಲ್ಲಿ. 1902 ಅವರ ನೆನಪಲ್ಲ. 1896 ಅವರ ನೆನಪಲ್ಲ. ಕೌಗೇಟ್ ಬೀದಿಯ ವಲಸಿಗರ ಕಥೆ ಅವರಿಗೆ ಯಾರು ಹೇಳಿದ್ದರೋ ತಿಳಿಯದು. ಒಬ್ಬ ವೇಗದ ಆಟಗಾರನನ್ನು ತಡೆಯಲು ಒಂದು ಕ್ಷಣ ಕೈ ಚಾಚಿದರು. ಆ ಒಂದು ಕ್ಷಣಕ್ಕೆ ಒಂದು ಊರಿನ ಅರ್ಧ ಜನರ ನೂರು ವರ್ಷದ ದುಃಖ ಬಂದು ಅಂಟಿಕೊಂಡಿತು. ಮರುವರ್ಷ ಅವರು ಕ್ಲಬ್ ಬಿಟ್ಟರು. ಹೆಸರು ಮಾತ್ರ ಅಲ್ಲಿ ಉಳಿಯಿತು. ಬಂದವನ ಹೆಗಲ ಮೇಲೆ ಊರು ಎಷ್ಟು ಹೊರಿಸಬಹುದು? ಇದು ಅತಿಯಾಯಿತು ಎನ್ನುವುದು ನನ್ನ ಅಭಿಪ್ರಾಯ.

ಅದೇ ಊರು ಸ್ಕಾಟ್ಸೆಲ್‌ಗೆ ಕೊಟ್ಟದ್ದು ಬೇರೆ. ಅವರು ಮೊದಲು ಹಾರ್ಟ್ಸ್‌ಗೆ ಬಂದದ್ದು 2005ರಲ್ಲಿ. 2006ರ ಕಪ್ ಫೈನಲ್‌ನಲ್ಲಿ ಗ್ರೆಟ್ನಾ ಎದುರು ಗೋಲು ಹೊಡೆದರು. ಹಾರ್ಟ್ಸ್ ಪೆನಾಲ್ಟಿಗಳಲ್ಲಿ ಕಪ್ ಗೆದ್ದಿತು. ಆಮೇಲೆ ಇಂಗ್ಲೆಂಡಿಗೆ, ಜರ್ಮನಿಗೆ, ಗ್ರೀಸಿಗೆ ಹೋದರು. 2010ರಲ್ಲಿ ಮರಳಿ ಬಂದರು. ಈಗ ಮನೆಜಗಳದ ಫೈನಲ್‌ನಲ್ಲಿ ಎರಡು ಗೋಲು. ಗೋರ್ಗಿಯಲ್ಲಿ ಅವರಿಗೆ ಇನ್ನು ಊಟದ ದುಡ್ಡು ಕೇಳುವವರು ಯಾರೂ ಇರಲಾರರು. ಆದರೆ ಹಣವಿಲ್ಲದ ಕ್ಲಬ್ ಅವರನ್ನು ಉಳಿಸಿಕೊಳ್ಳಲಿಲ್ಲ. ಆ ಬೇಸಿಗೆಯಲ್ಲೇ ಅವರೂ ಹೋದರು, ಮ್ಯಾನೇಜರ್ ಸೆರ್ಜಿಯೊ ಕೂಡ ಹೋದರು. ಕಪ್ ಎತ್ತಿ ಹಿಡಿದ ನಾಯಕ ಜಾಲ್ಯೂಕಸ್ 2020ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಲಿಥುವೇನಿಯಾದ ಆ ಮನುಷ್ಯನಿಗಾಗಿ ಎಡಿನ್‌ಬರೋದಲ್ಲಿ ಅತ್ತವರು ಹಾರ್ಟ್ಸ್ ಜನ.

ಇಲ್ಲಿಯವರೆಗೆ ಬಂದವರ ಮಾತಾಯಿತು. ಒಬ್ಬರಿಗೆ ಕೀರ್ತಿ, ಒಬ್ಬರಿಗೆ ಕಳಂಕ. ಇನ್ನು ಉಳಿದವರ ಮಾತು. ಆಗಲೇ ಎರಡು ಹೆಸರು ನೆನಪಿಡಿ ಅಂದಿದ್ದೆ. ಪಾಲ್ ಹ್ಯಾನ್ಲನ್, ಲೂಯಿಸ್ ಸ್ಟೀವನ್‌ಸನ್. ಐದು ಒಂದರ ಸೋಲಿನಲ್ಲಿ ಇಬ್ಬರೂ ಮೈದಾನದಲ್ಲಿದ್ದರು.

2013ರಲ್ಲಿ ಹಿಬ್ಸ್ ಮತ್ತೆ ಫೈನಲ್ ತಲುಪಿತು. ಸೆಲ್ಟಿಕ್ ಎದುರು ಮೂರು ಗೋಲಿನಿಂದ ಸೋತಿತು. 1902ರ ನಂತರ ಅದು ಹತ್ತನೆಯ ಫೈನಲ್ ಸೋಲು. ಅದೇ ವರ್ಷ ಹಾರ್ಟ್ಸ್ ಸಾಲದಲ್ಲಿ ಮುಳುಗಿ ದಿವಾಳಿಯ ಅಂಚಿಗೆ ಬಂತು. ಶಿಕ್ಷೆಯಾಗಿ ಅಂಕ ಕಳೆದುಕೊಂಡು 2014ರಲ್ಲಿ ಎರಡನೇ ದರ್ಜೆಗೆ ಇಳಿಯಿತು. ಹಿಬ್ಸ್ ನಗಬಹುದಿತ್ತು. ಆದರೆ ಅದೇ ಋತುವಿನಲ್ಲಿ ಹಿಬ್ಸ್ ಕೂಡ ಹ್ಯಾಮಿಲ್ಟನ್ ಎದುರು ಪೆನಾಲ್ಟಿಗಳಲ್ಲಿ ಸೋತು ಕೆಳಗಿಳಿಯಿತು. ದಾಯಾದಿಗಳಿಬ್ಬರೂ ಒಟ್ಟಿಗೆ ಬಿದ್ದರು. ಹಾರ್ಟ್ಸನ್ನು ಎತ್ತಿ ನಿಲ್ಲಿಸಿದವರು ಅದರ ಅಭಿಮಾನಿಗಳು. ಸಾವಿರಾರು ಜನ ತಿಂಗಳು ತಿಂಗಳು ಹಣ ಹಾಕಿದರು. ಉದ್ಯಮಿ ಆನ್ ಬಡ್ಜ್ ಆ ನಡುವೆ ಕ್ಲಬ್ಬನ್ನು ಕಾಪಾಡಿ, 2021ರಲ್ಲಿ ಅಭಿಮಾನಿಗಳ ಸಂಸ್ಥೆಯ ಕೈಗೆ ಒಪ್ಪಿಸಿದರು.

2016ರ ಫೆಬ್ರವರಿಗೆ ಬನ್ನಿ. ಸ್ಕಾಟಿಷ್ ಕಪ್‌ನ ಐದನೇ ಸುತ್ತು. ಹಾರ್ಟ್ಸ್ ಆಗಲೇ ಮೇಲಿನ ದರ್ಜೆಗೆ ಮರಳಿತ್ತು. ಹಿಬ್ಸ್ ಇನ್ನೂ ಕೆಳಗೆ. ಪಂದ್ಯ ಟೈನ್‌ಕಾಸಲ್‌ನಲ್ಲಿ. ಹಾರ್ಟ್ಸ್ ಎರಡು ಗೋಲು ಮುಂದಿತ್ತು. ಎಂಬತ್ತನೇ ನಿಮಿಷದಲ್ಲಿ ಹಿಬ್ಸ್‌ನ ಜೇಸನ್ ಕಮಿಂಗ್ಸ್ ಒಂದು ಹೊಡೆದರು. ತೊಂಬತ್ತು ನಿಮಿಷ ದಾಟಿತು. ಹೆಚ್ಚುವರಿ ಸಮಯದಲ್ಲಿ ಗೋಲಿನ ಮುಂದೆ ಗುಂಪು ಗಲಿಬಿಲಿ. ಚೆಂಡು ಒಳಗೆ. ಹೊಡೆದವರು ಪಾಲ್ ಹ್ಯಾನ್ಲನ್. ಸಮ. ಮರುಪಂದ್ಯದಲ್ಲಿ ಕಮಿಂಗ್ಸ್ ಗೋಲಿನಿಂದ ಹಿಬ್ಸ್ ಗೆದ್ದಿತು.

ಆ ಒಂದು ಗೋಲು ಇಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ. 2012ರಲ್ಲಿ ತಲೆ ತಗ್ಗಿಸಿ ಹೊರನಡೆದ ಊರಹುಡುಗ, ನಾಲ್ಕು ವರ್ಷದ ನಂತರ, ಎದುರಾಳಿಯ ಅಂಗಳದಲ್ಲೇ ಬಾಗಿಲು ತೆರೆದ.

ಮೇ 21ರಂದು ಫೈನಲ್. ಎದುರಾಳಿ ಗ್ಲಾಸ್ಗೋದ ರೇಂಜರ್ಸ್. ಎರಡೂ ಆಗ ಎರಡನೇ ದರ್ಜೆಯ ತಂಡಗಳು. ಎಂಬತ್ತನೇ ನಿಮಿಷದ ತನಕ ರೇಂಜರ್ಸ್ ಎರಡು, ಹಿಬ್ಸ್ ಒಂದು. ಬದಲಿ ಆಟಗಾರನಾಗಿ ಬಂದ ಲಿಯಾಮ್ ಹೆಂಡರ್‌ಸನ್ ಕಾರ್ನರ್ ಕಿಕ್ ಹೊಡೆದರು. ಆಂಟನಿ ಸ್ಟೋಕ್ಸ್ ತಲೆ ಕೊಟ್ಟರು. ಎರಡು, ಎರಡು. ಸ್ಟೋಕ್ಸ್ ಐರಿಷ್ ಮೂಲದವರು. ತೊಂಬತ್ತೆರಡನೇ ನಿಮಿಷ. ಮತ್ತೆ ಹೆಂಡರ್‌ಸನ್, ಮತ್ತೆ ಕಾರ್ನರ್. ಈ ಸಲ ನಾಯಕ ಡೇವಿಡ್ ಗ್ರೇ ಓಡಿ ಬಂದು ಚೆಂಡಿಗೆ ಹಣೆ ಕೊಟ್ಟರು. ಮೂರು, ಎರಡು. ಗ್ರೇ ಹುಟ್ಟಿದ್ದು ಎಡಿನ್‌ಬರೋದಲ್ಲಿ. 114 ವರ್ಷ ಮುಗಿಯಿತು.

ಸೀಟಿ ಊದಿದ ಕೂಡಲೇ ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಕೆಲವರು ರೇಂಜರ್ಸ್ ಆಟಗಾರರ ಮೇಲೆ ಕೈ ಮಾಡಿದರು. ಅದು ತಪ್ಪು, ಯಾವ ಸಂಭ್ರಮವೂ ಅದನ್ನು ಮುಚ್ಚಬಾರದು. ಹೆಚ್ಚಿನವರು ಮಾತ್ರ ಹುಲ್ಲಿನ ಮೇಲೆ ಕುಳಿತು ಅತ್ತರು. ಮೈದಾನ ತೆರವಾದ ಮೇಲೆ ಹಸಿರು ಬದಿ ಒಟ್ಟಾಗಿ ಹಾಡಿತು. ಹಾಡು 'ಸನ್‌ಶೈನ್ ಆನ್ ಲೀತ್'. ಕಟ್ಟಿದವರು ಪ್ರೊಕ್ಲೇಮರ್ಸ್ ಹೆಸರಿನ ಅವಳಿ ಸಹೋದರರು, ಇಬ್ಬರೂ ಹಿಬ್ಸ್ ಅಭಿಮಾನಿಗಳು. ಫುಟ್‌ಬಾಲ್ ಮೈದಾನದ ಹಾಡೆಂದರೆ ಸಾಮಾನ್ಯವಾಗಿ ಅಬ್ಬರ. ಇದು ಹಾಗಲ್ಲ, ನಿಧಾನದ ಹಾಡು. ರೆಕಾರ್ಡಿಂಗ್ ಸಿಕ್ಕಿದರೆ ಕೇಳಿ. ಮಾತು ತಿಳಿಯದಿದ್ದರೂ ಗಂಟಲು ಕಟ್ಟಿದ್ದು ತಿಳಿಯುತ್ತದೆ. ಮರುದಿನ ಕಪ್ ಹೊತ್ತ ಬಸ್ಸು ಲೀತ್‌ಗೆ ಬಂತು. ದಾರಿಯಲ್ಲಿ ಒಂದೂವರೆ ಲಕ್ಷ ಜನ ನಿಂತಿದ್ದರೆಂದು ಅಂದಾಜು.

ಹ್ಯಾನ್ಲನ್ ಮತ್ತು ಸ್ಟೀವನ್‌ಸನ್ ಆ ಬಸ್ಸಿನಲ್ಲಿದ್ದರು. ಇಬ್ಬರೂ 2024ರ ತನಕ ಹಿಬ್ಸ್‌ನಲ್ಲೇ ಇದ್ದರು. ತಲಾ 500ಕ್ಕೂ ಹೆಚ್ಚು ಪಂದ್ಯ ಆಡಿದರು. ಅವರು ಹೊರಟ ಆ ಬೇಸಿಗೆಯಲ್ಲೇ ಡೇವಿಡ್ ಗ್ರೇ ಹಿಬ್ಸ್‌ನ ಮ್ಯಾನೇಜರ್ ಆದರು.

ಒಂದು ಲೆಕ್ಕ ಬಾಕಿ ಇದೆ, ಕೇಳುಗರೇ. ಹಿಬ್ಸ್‌ನ ಆ ಕಪ್ ರೇಂಜರ್ಸ್ ವಿರುದ್ಧ ಬಂದದ್ದು. ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹಾರ್ಟ್ಸ್ ಮತ್ತು ಹಿಬ್ಸ್ ಎದುರಾದದ್ದು ಎರಡೇ ಸಲ, 1896 ಮತ್ತು 2012. ಎರಡೂ ಹಾರ್ಟ್ಸ್ ಪಾಲು. ಗೋರ್ಗಿಯವರು ಇದನ್ನು ಹೇಳದೆ ಬಿಡುವುದಿಲ್ಲ. ಲೀತ್‌ನವರು ಮರುಮಾತಿಗೆ ಹ್ಯಾನ್ಲನ್ ಗೋಲನ್ನು ತೆಗೆಯುತ್ತಾರೆ. ಮೂರನೆಯ ಫೈನಲ್ ಯಾವಾಗ ಬರುತ್ತದೋ, ಆಗ ಯಾವ ದೇಶದ ಹುಡುಗ ಎಡಗಡೆ ನಿಂತಿರುತ್ತಾನೋ. ಅವನಿಗೆ ಮುಂಚೆಯೇ ಯಾರಾದರೂ ಕೌಗೇಟ್ ಬೀದಿಯನ್ನೂ ಹೇಮಾರ್ಕೆಟ್ ಸ್ಮಾರಕವನ್ನೂ ತೋರಿಸಿರಲಿ ಎಂದು ನನ್ನ ಆಸೆ.